ಕಂಪ್ಯೂಟರ್‌ಗೆ ವೈರಸ್ ಬಂದಿದೆ ಅಂತಾರೆ, ಫಾರ್ಮ್ಯಾಟ್ ಮಾಡಿಸಲೇಬೇಕಾ?

ಪ್ರಶ್ನೆ: ತಿಪಟೂರಿನಲ್ಲಿ ನಮ್ಮದು ಸಣ್ಣ ಕೊಬ್ಬರಿ ವ್ಯಾಪಾರ. ಲೆಕ್ಕವೆಲ್ಲ ಮನೆಯ ಕಂಪ್ಯೂಟರ್‌ನಲ್ಲೇ, ಟ್ಯಾಲಿಯಲ್ಲಿ ಇದೆ. ಮಗಳು ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ಹಾಕಿಸಲು ಜೆರಾಕ್ಸ್ ಅಂಗಡಿಗೆ ಪೆನ್ ಡ್ರೈವ್ ಒಯ್ದಿದ್ದಳು. ಅದನ್ನು ಮನೆಯಲ್ಲಿ ಹಾಕಿ ನೋಡಿದರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ. ಈಗ ಸ್ಕ್ರೀನಿನ ಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರ್‌ನಲ್ಲಿ 5 ವೈರಸ್ ಸಿಕ್ಕಿವೆ’ ಅಂತ ಇಂಗ್ಲಿಷ್‌ನಲ್ಲಿ ಪದೇ ಪದೇ ಬರುತ್ತದೆ. ಕಂಪ್ಯೂಟರ್ ಕೂಡ ತುಂಬಾ ನಿಧಾನ ಆಗಿದೆ. ರಿಪೇರಿಯವರು ಫಾರ್ಮ್ಯಾಟ್ ಮಾಡಲೇಬೇಕು ಅಂತಾರೆ. ಬೇರೆ ದಾರಿ ಇಲ್ವಾ?

ಉತ್ತರ: ಇದೆ. ಫಾರ್ಮ್ಯಾಟ್ ಈಗಲೇ ಬೇಡ. ಮುಂದೆ ಬೇಕಾಗಬಹುದು, ಆದರೆ ಅದು ಕೊನೆಯ ಮಾತು.

ತಿಪಟೂರು, ಗುಬ್ಬಿ, ಶಿರಾ, ಎಲ್ಲಿಂದ ಬಂದರೂ ಈ ಪ್ರಶ್ನೆಯ ಕೊನೆಯ ಸಾಲು ಇದೇ: ಫಾರ್ಮ್ಯಾಟ್ ಮಾಡಿಸಲಾ? ನಿಮ್ಮ ಪತ್ರದಲ್ಲಿ ಮೂರು ತೊಂದರೆ ಇವೆ. ಮೂಲೆಯಲ್ಲಿ ಬರುವ ಎಚ್ಚರಿಕೆ, ಶಾರ್ಟ್‌ಕಟ್ ಆದ ಫೋಲ್ಡರ್, ನಿಧಾನ ಆದ ಕಂಪ್ಯೂಟರ್. ಮೂರಕ್ಕೂ ಕಾರಣ ಒಂದೇ ಅಂತ ನನಗೆ ಅನಿಸುವುದಿಲ್ಲ. ಮೊದಲನೆಯದು ವೈರಸ್ಸೇ ಅಲ್ಲದಿರುವ ಸಾಧ್ಯತೆ ಜಾಸ್ತಿ. ಎರಡನೆಯದು ನಿಜವಾದ ವೈರಸ್, ಆದರೆ ಹಳೇ ಜಾತಿಯದು. ಮೂರನೆಯದಕ್ಕೂ ವೈರಸ್‌ಗೂ ಸಂಬಂಧವೇ ಇಲ್ಲದಿರಬಹುದು. ಯಾವುದು ಯಾವುದು ಅಂತ ಗೊತ್ತಾಗುವ ಮೊದಲೇ ಎಲ್ಲ ಅಳಿಸಿ ಹಾಕಿದರೆ ಲೆಕ್ಕವೂ ಹೋಗಬಹುದು, ತೊಂದರೆಯೂ ಉಳಿಯಬಹುದು.

ರಿಪೇರಿಯವರ ಮೇಲೆ ತಪ್ಪು ಹೊರಿಸುತ್ತಿಲ್ಲ. ಒಂದೊಂದೇ ಹುಡುಕುತ್ತಾ ಕೂತರೆ ಅವರಿಗೆ ಅರ್ಧ ದಿನ ಹೋಗುತ್ತದೆ. ಫಾರ್ಮ್ಯಾಟ್ ಅಂದರೆ ಒಂದೆರಡು ಗಂಟೆಯ ಕೆಲಸ, ಅದೂ ಅರ್ಧ ತಾನಾಗೇ ಓಡುವ ಕೆಲಸ. ಆದರೆ ಹುಡುಕುವ ಪುರುಸೊತ್ತು ಮನೆಯಲ್ಲಿ ನಿಮಗಿದೆ. ದುಡ್ಡು ಖರ್ಚಾಗುವುದೂ ಇಲ್ಲ.

ಕೆಲಸ ಶುರು ಮಾಡುವ ಮೊದಲು ಒಂದೆರಡು ಮಾತು. ಆ ಕಂಪ್ಯೂಟರ್‌ನಿಂದ ನೆಟ್ ಬ್ಯಾಂಕಿಂಗ್, ಜಿಎಸ್‌ಟಿ ಲಾಗಿನ್ ಸದ್ಯಕ್ಕೆ ನಿಲ್ಲಿಸಿ. ವೈಫೈ ಆಫ್ ಮಾಡಿ. ಬೇರೆ ಪೆನ್ ಡ್ರೈವ್, ಫೋನು, ಕ್ಯಾಮೆರಾ ಕಾರ್ಡ್ ಯಾವುದನ್ನೂ ಅದಕ್ಕೆ ಹಾಕಬೇಡಿ. ‘ಬ್ಯಾಕಪ್ ತಗೊಂಡುಬಿಡೋಣ’ ಅಂತ ಮನೆಯಲ್ಲಿರುವ ಒಂದೇ ಒಂದು ಹಾರ್ಡ್ ಡಿಸ್ಕನ್ನು ಗಾಬರಿಯಲ್ಲಿ ಚುಚ್ಚುವವರು ಬಹಳ. ಅದೂ ಸೋಂಕಾದರೆ ಆಮೇಲೆ ಏನೂ ಉಳಿಯುವುದಿಲ್ಲ.

ಈಗ ಮೂಲೆಯ ಎಚ್ಚರಿಕೆ. ಅದು ಮತ್ತೆ ಬಂದಾಗ ಮುಚ್ಚುವ ಆತುರ ಬೇಡ. ಚೆನ್ನಾಗಿ ಓದಿ. ಮೇಲೆಯೋ ಕೆಳಗೋ ಸಣ್ಣ ಅಕ್ಷರದಲ್ಲಿ ಕ್ರೋಮ್ ಅಥವಾ ಎಡ್ಜ್ ಅಂತ ಇದೆಯಾ? ಪಕ್ಕದಲ್ಲಿ ಯಾವುದೋ ಗೊತ್ತಿಲ್ಲದ ವೆಬ್‌ಸೈಟಿನ ಹೆಸರು ಇದೆಯಾ? ಇದ್ದರೆ ಅದು ಆ ವೆಬ್‌ಸೈಟ್ ಕಳಿಸುತ್ತಿರುವ ಜಾಹೀರಾತು, ಅಷ್ಟೇ. ನಿಮ್ಮ ಕಂಪ್ಯೂಟರ್ ಒಳಗೆ ಏನಿದೆ ಅಂತ ಅದಕ್ಕೆ ಗೊತ್ತೇ ಇಲ್ಲ. ಐದು ಅನ್ನುವ ಲೆಕ್ಕವೂ ಸುಳ್ಳು.

ಅದು ಒಳಗೆ ಬಂದ ದಾರಿ ಸಾಮಾನ್ಯವಾಗಿ ಹೀಗಿರುತ್ತದೆ. ಯಾರೋ ಪುಕ್ಕಟೆ ಸಿನಿಮಾ ಅಥವಾ ಕ್ರಿಕೆಟ್ ಲೈವ್ ಹುಡುಕಿರುತ್ತಾರೆ. ಪುಟ ತೆರೆದ ತಕ್ಷಣ ‘ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ’ ಅಂತ ಬರುತ್ತದೆ. ಆ ಅಲೋ ಬಟನ್‌ಗೂ ರೋಬೋಟ್‌ಗೂ ಸಂಬಂಧ ಇಲ್ಲ. ಅದು ನೋಟಿಫಿಕೇಶನ್ ಕಳಿಸಲು ನೀವು ಕೊಡುವ ಒಪ್ಪಿಗೆ. ಅಲ್ಲಿಂದ ಮುಂದೆ ದಿನಾ ಬರುತ್ತಲೇ ಇರುತ್ತದೆ. ಒತ್ತಿದರೆ ನಕಲಿ ಆಂಟಿವೈರಸ್ ಮಾರುವ ಪುಟಕ್ಕೆ ಹೋಗುತ್ತದೆ. ಅಲ್ಲಿ ಏನಾದರೂ ಡೌನ್‌ಲೋಡ್ ಮಾಡಿಕೊಂಡರೆ ಆಗ ನಿಜವಾಗಿ ವೈರಸ್ ಬರುತ್ತದೆ.

ತೆಗೆಯುವುದು ಸುಲಭ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಒಪ್ಪಿಗೆ ಪಡೆದ ಸೈಟ್‌ಗಳ ಪಟ್ಟಿ ಅಲ್ಲಿದೆ. ನಿಮಗೆ ಪರಿಚಯ ಇಲ್ಲದ್ದನ್ನೆಲ್ಲ ತೆಗೆದುಹಾಕಿ. ಎಡ್ಜ್‌ನಲ್ಲಾದರೆ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ನೋಟಿಫಿಕೇಶನ್ಸ್ ಅಂತ ಹೊಡೆದರೆ ಸಿಗುತ್ತದೆ. ಹಾಗೇ ಎಕ್ಸ್‌ಟೆನ್ಶನ್‌ಗಳ, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂಗಳ ಪಟ್ಟಿಯನ್ನೂ ಒಮ್ಮೆ ನೋಡಿ. ನೀವು ಹಾಕಿಕೊಳ್ಳದ ಪಿಡಿಎಫ್ ಕನ್ವರ್ಟರ್, ಕೂಪನ್ ಹುಡುಕುವಂಥದ್ದು ಏನಾದರೂ ಕೂತಿದ್ದರೆ ಕಿತ್ತುಹಾಕಿ. ಇಷ್ಟಕ್ಕೇ ನಿಮ್ಮ ‘5 ವೈರಸ್’ ಮಾಯ ಆದರೆ ಮೂರರಲ್ಲಿ ಒಂದು ತೊಂದರೆ ಮುಗಿಯಿತು.

ಇದರದ್ದೇ ಇನ್ನೊಂದು ರೂಪ ಇದೆ, ಅದು ಜಾಸ್ತಿ ಹೆದರಿಸುತ್ತದೆ. ಇಡೀ ಸ್ಕ್ರೀನ್ ನೀಲಿಯೋ ಕೆಂಪೋ ಆಗಿ, ಸೈರನ್ ಥರ ಸದ್ದು ಮಾಡಿ, ‘ಕಂಪ್ಯೂಟರ್ ಆಫ್ ಮಾಡಬೇಡಿ, ಈ ನಂಬರ್‌ಗೆ ಕರೆ ಮಾಡಿ’ ಅನ್ನುತ್ತದೆ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಯಾವತ್ತೂ ಇರುವುದಿಲ್ಲ. ಇದೊಂದು ನೆನಪಿದ್ದರೆ ಸಾಕು. ಎಸ್ಕೇಪ್ ಕೀಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಫುಲ್ ಸ್ಕ್ರೀನ್ ಬಿಡುತ್ತದೆ. ಬಿಡದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರ್ ಮುಚ್ಚಿ. ಮತ್ತೆ ತೆರೆದಾಗ ‘ಹಳೇ ಪುಟಗಳನ್ನು ತರಲಾ?’ ಅಂತ ಕೇಳಿದರೆ ಬೇಡ ಅನ್ನಿ. ಮನೆಯಲ್ಲಿ ಯಾರಾದರೂ ಆ ನಂಬರ್‌ಗೆ ಕರೆ ಮಾಡಿ, ಅವರು ಹೇಳಿದಂತೆ ದೂರದಿಂದಲೇ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್ ಥರದ್ದು ಹಾಕಿಕೊಂಡು ಕಂಪ್ಯೂಟರ್ ಅವರ ಕೈಗೆ ಕೊಟ್ಟಿದ್ದರೆ ಮಾತ್ರ ವಿಷಯ ಬೇರೆ. ಮಗಳನ್ನೂ ಮನೆಯವರನ್ನೂ ಬಯ್ಯದೆ ಕೇಳಿ ತಿಳಿದುಕೊಳ್ಳಿ. ಬಯ್ದರೆ ನಿಜ ಹೊರಗೆ ಬರುವುದಿಲ್ಲ.

ಇನ್ನು ಪೆನ್ ಡ್ರೈವ್. ಇದರಲ್ಲಿ ಅನುಮಾನ ಇಲ್ಲ, ಇದು ವೈರಸ್ಸೇ. ದಿನಕ್ಕೆ ಎಷ್ಟೋ ಜನರ ಪೆನ್ ಡ್ರೈವ್ ಹಾಕಿಸಿಕೊಳ್ಳುವ ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್, ಕಾಲೇಜ್ ಲ್ಯಾಬ್‌ಗಳಲ್ಲಿ ಇದು ವರ್ಷಾನುಗಟ್ಟಲೆ ಸುತ್ತುತ್ತಿರುತ್ತದೆ. ಅಂಗಡಿಯವರು ಬೇಕಂತ ಹಾಕುವುದಲ್ಲ. ನಿಮ್ಮ ಹಿಂದಿನ ಗಿರಾಕಿ ತಂದಿದ್ದು ಅವರ ಕಂಪ್ಯೂಟರ್‌ಗೆ, ಅಲ್ಲಿಂದ ನಿಮಗೆ.

ಸಮಾಧಾನದ ವಿಷಯ ಏನೆಂದರೆ ನಿಮ್ಮ ಫೋಲ್ಡರ್‌ಗಳು ಎಲ್ಲೂ ಹೋಗಿಲ್ಲ. ಈ ವೈರಸ್ ಅವುಗಳನ್ನು ಅಳಿಸುವುದಿಲ್ಲ, ಬಚ್ಚಿಡುತ್ತದೆ. ವಿಂಡೋಸ್ ತನ್ನ ಮುಖ್ಯವಾದ ಫೈಲ್‌ಗಳು ಯಾರ ಕಣ್ಣಿಗೂ ಬೀಳದಿರಲಿ ಅಂತ ಒಂದು ಗುರುತು ಹಾಕಿ ಮರೆಮಾಡುತ್ತದೆ. ಅದೇ ಗುರುತನ್ನು ವೈರಸ್ ನಿಮ್ಮ ಫೋಲ್ಡರ್‌ಗೆ ಹಾಕುತ್ತದೆ. ಆ ಜಾಗದಲ್ಲಿ ಅದೇ ಹೆಸರಿನ, ಅದೇ ಚಿತ್ರದ ಶಾರ್ಟ್‌ಕಟ್ ಇಡುತ್ತದೆ. ನೀವು ಡಬಲ್ ಕ್ಲಿಕ್ ಮಾಡಿದರೆ ಮೊದಲು ವೈರಸ್ ಓಡುತ್ತದೆ, ಹಿಂದೆಯೇ ನಿಮ್ಮ ನಿಜವಾದ ಫೋಲ್ಡರೂ ತೆರೆದುಕೊಳ್ಳುತ್ತದೆ. ಹಾಗಾಗಿ ಏನೋ ಆಯಿತು ಅಂತ ಗೊತ್ತೇ ಆಗುವುದಿಲ್ಲ. ಬರೆದವನು ಕಳ್ಳನೇ, ಆದರೆ ದಡ್ಡನಲ್ಲ.

ಹಿಂದೆ ಪೆನ್ ಡ್ರೈವ್ ಚುಚ್ಚಿದ ಕ್ಷಣವೇ ವೈರಸ್ ತಾನಾಗೇ ಓಡುತ್ತಿತ್ತು. ವಿಂಡೋಸ್ 7ರಲ್ಲಿ ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸಿತು. 2011ರಲ್ಲಿ ಎಕ್ಸ್‌ಪಿ ಮತ್ತು ವಿಸ್ತಾ ಇದ್ದವರಿಗೂ ಅಪ್‌ಡೇಟ್ ಕೊಟ್ಟಿತು. ಆಮೇಲೇ ಈ ಶಾರ್ಟ್‌ಕಟ್ ಉಪಾಯಕ್ಕೆ ಬೇಡಿಕೆ ಬಂದದ್ದು. ತಾನಾಗಿ ಓಡಲು ಆಗದಿದ್ದರೆ ನಿಮ್ಮ ಕೈಯಿಂದಲೇ ಓಡಿಸಬೇಕಲ್ಲ. ಆದ್ದರಿಂದ ಮಗಳನ್ನು ಕೇಳಬೇಕಾದ ಪ್ರಶ್ನೆ ಒಂದೇ: ಆ ಶಾರ್ಟ್‌ಕಟ್ ಮೇಲೆ ಡಬಲ್ ಕ್ಲಿಕ್ ಮಾಡಿದೆಯಾ? ಇಲ್ಲ ಅಂದರೆ ಸೋಂಕು ಪೆನ್ ಡ್ರೈವ್‌ನಲ್ಲೇ ನಿಂತಿರುವ ಸಾಧ್ಯತೆ ಜಾಸ್ತಿ. ಹೌದು ಅಂದರೆ, ಬಹುಪಾಲು ಜನ ಮಾಡೇ ಮಾಡಿರುತ್ತಾರೆ, ಕಂಪ್ಯೂಟರ್‌ಗೂ ಬಂದಿದೆ ಅಂತಲೇ ಹೊರಡಿ.

ಖಚಿತ ಮಾಡಿಕೊಳ್ಳಲು ಒಂದು ಉಪಾಯ ಇದೆ. ಏನೂ ಇಲ್ಲದ, ಹೋದರೂ ಪರವಾಗಿಲ್ಲ ಅನ್ನುವ ಪೆನ್ ಡ್ರೈವ್‌ನಲ್ಲಿ ಬೇರೆ ಕಂಪ್ಯೂಟರ್‌ನಿಂದ ಒಂದು ಖಾಲಿ ಫೋಲ್ಡರ್ ಮಾಡಿ ತನ್ನಿ. ನಿಮ್ಮ ಕಂಪ್ಯೂಟರ್‌ಗೆ ಹಾಕಿ ಸ್ವಲ್ಪ ಹೊತ್ತು ಬಿಡಿ. ಆ ಫೋಲ್ಡರ್ ಶಾರ್ಟ್‌ಕಟ್ ಆದರೆ ವೈರಸ್ ಕಂಪ್ಯೂಟರ್ ಒಳಗೆ ಜೀವಂತ ಇದೆ. ಹಾಗಿದ್ದಾಗ ಪೆನ್ ಡ್ರೈವ್ ಎಷ್ಟು ಸಲ ಶುಚಿ ಮಾಡಿದರೂ ಅಷ್ಟೇ, ಮತ್ತೆ ಮತ್ತೆ ಆಗುತ್ತಲೇ ಇರುತ್ತದೆ. ಮೊದಲು ಕಂಪ್ಯೂಟರ್, ಆಮೇಲೆ ಪೆನ್ ಡ್ರೈವ್. ಈ ಕ್ರಮ ತಪ್ಪಿಸುವವರೇ ಜಾಸ್ತಿ.

ಕಂಪ್ಯೂಟರ್ ಶುಚಿ ಮಾಡಲು ಆಂಟಿವೈರಸ್ ಕೊಳ್ಳಬೇಕಾಗಿಲ್ಲ. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಜೊತೆಗೇ ಬರುತ್ತದೆ, ಮನೆ ಬಳಕೆಗೆ ಅದು ಸಾಕು. ಸ್ಟಾರ್ಟ್ ಒತ್ತಿ ವಿಂಡೋಸ್ ಸೆಕ್ಯುರಿಟಿ ಅಂತ ಹೊಡೆದು ತೆರೆಯಿರಿ. ಅದರಲ್ಲಿ ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್‌ಗೆ ಹೋಗಿ.

ಸ್ಕ್ಯಾನ್ ಒತ್ತುವ ಮೊದಲು ಅಲ್ಲೇ ಮ್ಯಾನೇಜ್ ಸೆಟ್ಟಿಂಗ್ಸ್ ತೆರೆದು ಕೆಳಗೆ ಎಕ್ಸ್‌ಕ್ಲೂಶನ್ಸ್ ಅಂತ ಇರುವುದನ್ನು ನೋಡಿ. ಈ ಪಟ್ಟಿಯಲ್ಲಿರುವ ಜಾಗಗಳನ್ನು ಡಿಫೆಂಡರ್ ಮುಟ್ಟುವುದಿಲ್ಲ, ನೋಡುವುದೂ ಇಲ್ಲ. ಸಾಮಾನ್ಯ ಮನೆಯ ಕಂಪ್ಯೂಟರ್‌ನಲ್ಲಿ ಅದು ಖಾಲಿ ಇರಬೇಕು. ಅಲ್ಲಿ ಇಡೀ ಸಿ ಡ್ರೈವ್ ಅಂತಲೋ, ಯಾವುದೋ ಅರ್ಥವಾಗದ ಫೋಲ್ಡರ್ ಅಂತಲೋ ಇದ್ದರೆ ಯಾರೋ ಹಾಕಿದ್ದಾರೆ. ಒಂದೋ ವೈರಸ್, ಇಲ್ಲವೇ ಕ್ರ್ಯಾಕ್ ಸಾಫ್ಟ್‌ವೇರ್ (ಲೈಸೆನ್ಸ್ ಕೊಳ್ಳದೆ ಅದರ ಬೀಗ ಮುರಿದು ಓಡಿಸುವಂಥದ್ದು) ಹಾಕಿಕೊಟ್ಟವರು. ‘ನಾನು ಸ್ಕ್ಯಾನ್ ಮಾಡಿದೆ, ಏನೂ ಸಿಗಲಿಲ್ಲ’ ಅನ್ನುವ ಎಷ್ಟೋ ಕಂಪ್ಯೂಟರ್‌ಗಳ ಗುಟ್ಟು ಇಲ್ಲಿರುತ್ತದೆ. ಅದನ್ನೆಲ್ಲ ತೆಗೆದುಹಾಕಿ. ರಿಯಲ್ ಟೈಮ್ ಪ್ರೊಟೆಕ್ಷನ್ ಆನ್ ಇದೆಯಾ ನೋಡಿ.

ಆಮೇಲೆ ಸ್ವಲ್ಪ ಹೊತ್ತು ನೆಟ್ ಹಾಕಿ ಡಿಫೆಂಡರ್ ಅಪ್‌ಡೇಟ್ ಮಾಡಿಕೊಳ್ಳಿ. ಹೊಸ ವೈರಸ್‌ಗಳ ಪರಿಚಯ ಅದಕ್ಕೆ ಹಾಗೇ ಆಗುವುದು. ಸ್ಕ್ಯಾನ್ ಆಪ್ಷನ್ಸ್ ತೆರೆದು ಫುಲ್ ಸ್ಕ್ಯಾನ್ ಆರಿಸಿ ಬಿಡಿ. ಕ್ವಿಕ್ ಸ್ಕ್ಯಾನ್ ಈಗ ಸಾಲದು. ಹಳೇ ಹಾರ್ಡ್ ಡಿಸ್ಕ್ ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಾಕಿ ಮಲಗಿ. ಅದು ಮುಗಿದ ಮೇಲೆ ಅದೇ ಪಟ್ಟಿಯಲ್ಲಿರುವ ಆಫ್‌ಲೈನ್ ಸ್ಕ್ಯಾನ್ ಮಾಡಿ. ಇದು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತದೆ. ವಿಂಡೋಸ್ ಓಡುತ್ತಿರುವಾಗ ತಲೆಮರೆಸಿಕೊಳ್ಳುವ ವೈರಸ್‌ಗಳು ಆಗ ಇನ್ನೂ ಎದ್ದಿರುವುದಿಲ್ಲ. ಇದಕ್ಕೆ ಸುಮಾರು 15 ನಿಮಿಷ ಸಾಕು. ಶುರು ಮಾಡುವ ಮೊದಲು ತೆರೆದ ಟ್ಯಾಲಿ, ವರ್ಡ್ ಎಲ್ಲ ಸೇವ್ ಮಾಡಿ ಮುಚ್ಚಿ. ಏನು ಸಿಕ್ಕಿತು ಅನ್ನುವುದು ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಇರುತ್ತದೆ.

ಎರಡನೇ ಅಭಿಪ್ರಾಯ ಬೇಕು ಅನಿಸಿದರೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ಅಥವಾ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್‌ನಿಂದ ಇನ್ನೊಮ್ಮೆ ನೋಡಬಹುದು. ಸೇಫ್ಟಿ ಸ್ಕ್ಯಾನರ್ ಡೌನ್‌ಲೋಡ್ ಮಾಡಿದ 10 ದಿನಕ್ಕೆ ಹಳತಾಗುತ್ತದೆ, ಮತ್ತೆ ಬೇಕಾದಾಗ ಹೊಸದನ್ನೇ ತರಬೇಕು. ನಮ್ಮ ಸರ್ಕಾರದ್ದೂ ಒಂದಿದೆ, ಸೈಬರ್ ಸ್ವಚ್ಛತಾ ಕೇಂದ್ರ ಅಂತ. 2017ರ ಫೆಬ್ರುವರಿಯಲ್ಲಿ ಶುರುವಾಯಿತು, ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ನಡೆಸುತ್ತದೆ. ಅದರ ತಾಣದಲ್ಲಿ ವೈರಸ್ ತೆಗೆಯುವ ಉಚಿತ ಸಾಧನಗಳು ಸಿಗುತ್ತವೆ. ಆದರೆ ಎರಡು ಆಂಟಿವೈರಸ್‌ಗಳನ್ನು ಕಾಯಂ ಆಗಿ ಒಟ್ಟಿಗೆ ಇಟ್ಟುಕೊಳ್ಳಬೇಡಿ. ಒಂದರ ಕಾಲು ಒಂದು ಎಳೆಯುತ್ತವೆ, ಕಂಪ್ಯೂಟರ್ ಇನ್ನೂ ನಿಧಾನ ಆಗುತ್ತದೆ. ಹೊಸ ಲ್ಯಾಪ್‌ಟಾಪ್ ಜೊತೆ ಬಂದ ಆಂಟಿವೈರಸ್‌ನ ಅವಧಿ ಮುಗಿದಿದ್ದರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ. ಅದು ಇದ್ದರೆ ಡಿಫೆಂಡರ್ ಪಕ್ಕಕ್ಕೆ ಸರಿದು ನಿಂತಿರಬಹುದು.

ಕಂಪ್ಯೂಟರ್ ಸರಿಯಾದ ಮೇಲೆ ಪೆನ್ ಡ್ರೈವ್‌ನಿಂದ ಮಗಳ ಫೈಲ್ ತೆಗೆಯಬಹುದು. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಟಿಕ್ ಮಾಡಿ. ಅಷ್ಟಕ್ಕೂ ಕಾಣದಿದ್ದರೆ ಫೋಲ್ಡರ್ ಆಪ್ಷನ್ಸ್‌ಗೆ ಹೋಗಿ, ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಅನ್ನುವ ಸಾಲಿನ ಟಿಕ್ ತೆಗೆಯಿರಿ. ಅಲ್ಲೇ ಫೈಲ್ ಹೆಸರಿನ ಬಾಲ ಮುಚ್ಚಿಡುವ ‘ಹೈಡ್ ಎಕ್ಸ್‌ಟೆನ್ಶನ್ಸ್’ ಸಾಲಿನ ಟಿಕ್ಕನ್ನೂ ತೆಗೆದುಬಿಡಿ, ಅದನ್ನು ಮತ್ತೆ ಹಾಕಬೇಡಿ. ಈಗ ಮಸುಕು ಬಣ್ಣದಲ್ಲಿ ನಿಜವಾದ ಫೋಲ್ಡರ್‌ಗಳು ಕಾಣುತ್ತವೆ. ಒಳಗಿನ ಪಿಡಿಎಫ್, ವರ್ಡ್, ಫೋಟೋಗಳನ್ನು ಮಾತ್ರ ಕಂಪ್ಯೂಟರ್‌ನ ಹೊಸ ಫೋಲ್ಡರ್‌ಗೆ ಕಾಪಿ ಮಾಡಿ. ಚಿತ್ರ ಫೋಲ್ಡರ್‌ನದ್ದಿದ್ದು ಹೆಸರಿನ ಕೊನೆಯಲ್ಲಿ ಇಎಕ್ಸ್‌ಇ, ವಿಬಿಎಸ್ ಅಂತ ಇರುವುದನ್ನು ಮುಟ್ಟಬೇಡಿ. ಅದು ಫೋಲ್ಡರ್ ವೇಷ ಹಾಕಿದ ಪ್ರೋಗ್ರಾಂ. ಬೇಕಾದದ್ದೆಲ್ಲ ಬಂದ ಮೇಲೆ ಪೆನ್ ಡ್ರೈವನ್ನು ಫಾರ್ಮ್ಯಾಟ್ ಮಾಡಿ. ನೋಡಿ, ಫಾರ್ಮ್ಯಾಟ್‌ಗೂ ಒಂದು ಜಾಗ ಸಿಕ್ಕಿತು.

ನಿಧಾನದ ವಿಷಯ ಜಾಸ್ತಿ ಬೆಳೆಸುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಅನ್ನುವ ಕಂಬ ಸದಾ 100ರ ಹತ್ತಿರ ನಿಂತಿದ್ದು, ಕಂಪ್ಯೂಟರ್‌ನಲ್ಲಿ ಹಳೇ ಕಾಲದ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದೇ ಕಾರಣ. ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್ ಹಾಕಿಸಿ. ಅದರಷ್ಟು ಫರಕು ಯಾವ ಫಾರ್ಮ್ಯಾಟೂ ಮಾಡುವುದಿಲ್ಲ. ರಾಮ್ 4 ಜಿಬಿ ಇದ್ದು ಕ್ರೋಮ್‌ನಲ್ಲಿ ಹತ್ತು ಪುಟ ತೆರೆದಿದ್ದರೂ ಹೀಗೇ. ಒಂದು ಲಕ್ಷಣ ಮಾತ್ರ ಅನುಮಾನದ್ದು: ಏನೂ ತೆರೆದಿಲ್ಲ, ಆದರೂ ಫ್ಯಾನ್ ಜೋರಾಗಿ ಓಡುತ್ತಿದೆ, ಟಾಸ್ಕ್ ಮ್ಯಾನೇಜರ್ ತೆರೆದ ತಕ್ಷಣ ಸುಮ್ಮನಾಗುತ್ತದೆ. ನಿಮ್ಮ ಕರೆಂಟ್‌ನಲ್ಲಿ ಬೇರೆಯವರಿಗೆ ಕ್ರಿಪ್ಟೋ ಎಂಬ ಡಿಜಿಟಲ್ ಹಣ ದುಡಿದುಕೊಡುವ ಕೆಲವು ವೈರಸ್‌ಗಳು ಹಾಗೆ ನಾಟಕ ಆಡುತ್ತವೆ.

ಇಷ್ಟು ಹೊತ್ತು ಹೇಳಿದ್ದು ಕಣ್ಣಿಗೆ ಕಾಣುವ ತೊಂದರೆಗಳ ಬಗ್ಗೆ. ನನಗೆ ನಿಜವಾಗಿ ಭಯ ಇರುವುದು ಕಾಣದಿರುವುದರ ಬಗ್ಗೆ. ಈಗಿನ ವೈರಸ್‌ಗಳಿಗೆ ನಿಮ್ಮ ಕಂಪ್ಯೂಟರ್ ಹಾಳು ಮಾಡುವ ಆಸೆ ಇಲ್ಲ, ಅದರಿಂದ ಅವನ್ನು ಬರೆದವರಿಗೆ ಏನೂ ಲಾಭ ಇಲ್ಲ. ಬ್ರೌಸರ್‌ನಲ್ಲಿ ಸೇವ್ ಮಾಡಿಟ್ಟ ಪಾಸ್‌ವರ್ಡ್‌ಗಳು, ತೆರೆದಿಟ್ಟ ಲಾಗಿನ್‌ಗಳು ಬೇಕು. ಅವನ್ನು ಬಾಚಿಕೊಂಡು ನಿಮಿಷಗಳಲ್ಲಿ ಹೊರಗೆ ಕಳಿಸುತ್ತವೆ. ಕಂಪ್ಯೂಟರ್ ನಿಧಾನವೂ ಆಗುವುದಿಲ್ಲ, ಮೂಲೆಯಲ್ಲಿ ಏನೂ ಬರುವುದೂ ಇಲ್ಲ. ಲುಮ್ಮಾ ಅನ್ನುವ ಇಂಥ ಒಂದು ವೈರಸ್ 2025ರ ಮಾರ್ಚ್ 16ರಿಂದ ಮೇ 16ರ ನಡುವೆ ಜಗತ್ತಿನಾದ್ಯಂತ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳಿಗೆ ಹರಡಿದ್ದನ್ನು ಮೈಕ್ರೋಸಾಫ್ಟ್ ಗುರುತಿಸಿತು.

ಇವು ಬರುವ ಹೊಸ ದಾರಿ ವಿಚಿತ್ರವಾಗಿದೆ. ಯಾವುದೋ ಪುಟದಲ್ಲಿ ‘ನೀವು ಮನುಷ್ಯರು ಅಂತ ಖಚಿತಪಡಿಸಿ’ ಅಂತ ಬರುತ್ತದೆ. ಒತ್ತಿದರೆ ‘ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಹೊಡೆಯಿರಿ’ ಅನ್ನುತ್ತದೆ. ನೀವು ಮೊದಲ ಸಲ ಒತ್ತಿದಾಗಲೇ ಒಂದು ಆದೇಶ ಸದ್ದಿಲ್ಲದೆ ಕಾಪಿ ಆಗಿರುತ್ತದೆ. ಪೇಸ್ಟ್ ಮಾಡಿ ಎಂಟರ್ ಹೊಡೆದರೆ ವೈರಸ್ಸನ್ನು ನಿಮ್ಮ ಕೈಯಾರೆ ಕರೆಸಿಕೊಂಡ ಹಾಗೆ. ಯಾವ ಅಸಲಿ ವೆಬ್‌ಸೈಟೂ ಇದನ್ನು ಕೇಳುವುದಿಲ್ಲ. ಇದನ್ನು ಮನೆಯಲ್ಲಿ ಎಲ್ಲರಿಗೂ ತೋರಿಸಿ ಹೇಳಿ. ಓದಿದ ಮಕ್ಕಳೂ ಮೋಸ ಹೋಗುವುದು ಇಲ್ಲೇ, ಯಾಕಂದರೆ ಪುಟ ನೋಡಲು ಅಷ್ಟು ಅಸಲಿ ಥರ ಇರುತ್ತದೆ.

ಇನ್ನೊಂದು ದಾರಿ ನಮ್ಮೂರುಗಳಲ್ಲಿ ಎಲ್ಲರಿಗೂ ಗೊತ್ತಿರುವುದೇ, ಕ್ರ್ಯಾಕ್. ಟ್ಯಾಲಿ ಕ್ರ್ಯಾಕ್, ಫೋಟೋಶಾಪ್ ಕ್ರ್ಯಾಕ್, ಆಫೀಸ್ ಆಕ್ಟಿವೇಟರ್. ಇವುಗಳಲ್ಲಿ ಬಹಳಷ್ಟರ ಜೊತೆ ‘ಇನ್‌ಸ್ಟಾಲ್ ಮಾಡುವ ಮೊದಲು ಆಂಟಿವೈರಸ್ ಆಫ್ ಮಾಡಿ’ ಅಂತ ಸೂಚನೆ ಇರುತ್ತದೆ. ಕಾವಲುಗಾರನನ್ನು ಮನೆಗೆ ಕಳಿಸಿ ಬಾಗಿಲು ತೆರೆಯಿರಿ ಅಂದ ಹಾಗೆ. ನಾವು ಹಾಗೇ ಮಾಡುತ್ತೇವೆ! ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಉಚಿತ, ಅದಕ್ಕೆ ಕ್ರ್ಯಾಕ್ ಬೇಕಿಲ್ಲ. ಆದರೂ ಅದನ್ನು ಎಲ್ಲೆಲ್ಲಿಂದಲೋ ಇಳಿಸಿಕೊಳ್ಳುವವರಿದ್ದಾರೆ. ಸಾಫ್ಟ್‌ವೇರ್ ಯಾವುದೇ ಇರಲಿ, ಮಾಡಿದವರ ಸ್ವಂತ ತಾಣದಿಂದಲೇ ತನ್ನಿ. ಒಂದು ಫೈಲ್ ಮೇಲೆ ಅನುಮಾನ ಇದ್ದರೆ ವೈರಸ್‌ಟೋಟಲ್ ಅನ್ನುವ ತಾಣಕ್ಕೆ ಹಾಕಿ ನೋಡಬಹುದು, ಹತ್ತಾರು ಆಂಟಿವೈರಸ್‌ಗಳು ಒಟ್ಟಿಗೆ ಪರೀಕ್ಷೆ ಮಾಡುತ್ತವೆ. ಆದರೆ ಆಧಾರ್ ಪ್ರತಿ, ಪಹಣಿ, ಲೆಕ್ಕದ ಹಾಳೆಗಳನ್ನು ಅಲ್ಲಿಗೆ ಹಾಕಬೇಡಿ. ಅಲ್ಲಿ ಹಾಕಿದ್ದನ್ನು ಬೇರೆಯವರೂ ನೋಡಬಹುದು.

ನಿಮ್ಮ ಕಂಪ್ಯೂಟರ್‌ನಲ್ಲಿ ಪಾಸ್‌ವರ್ಡ್ ಕದಿಯುವಂಥದ್ದು ಸಿಕ್ಕಿದ್ದರೆ, ಅಥವಾ ಸಿಕ್ಕಿರಬಹುದು ಅನ್ನುವ ಅನುಮಾನ ಇದ್ದರೂ, ಪಾಸ್‌ವರ್ಡ್‌ಗಳನ್ನು ಬದಲಿಸಿ. ಅದೇ ಕಂಪ್ಯೂಟರ್‌ನಿಂದಲ್ಲ, ಫೋನಿನಿಂದ. ಮೊದಲು ಇಮೇಲ್, ಯಾಕಂದರೆ ಉಳಿದೆಲ್ಲ ಪಾಸ್‌ವರ್ಡ್ ಮರೆತಾಗ ಬರುವುದು ಅಲ್ಲಿಗೇ. ಆಮೇಲೆ ಬ್ಯಾಂಕ್, ಆಮೇಲೆ ಜಿಎಸ್‌ಟಿ. ಪಾಸ್‌ವರ್ಡ್ ಬದಲಿಸಿದರೆ ಸಾಲದು. ಗೂಗಲ್ ಅಕೌಂಟ್‌ನಲ್ಲಿ ಸೆಕ್ಯುರಿಟಿ ಭಾಗಕ್ಕೆ ಹೋಗಿ, ಗೊತ್ತಿಲ್ಲದ ಡಿವೈಸ್‌ಗಳನ್ನೆಲ್ಲ ಸೈನ್ ಔಟ್ ಮಾಡಿ. ವಾಟ್ಸ್ಯಾಪ್‌ನಲ್ಲಿ ಲಿಂಕ್ಡ್ ಡಿವೈಸಸ್ ನೋಡಿ. ತೆರೆದಿರುವ ಲಾಗಿನ್ನನ್ನೇ ಕದ್ದವರಿಗೆ ಪಾಸ್‌ವರ್ಡ್, ಒಟಿಪಿ ಯಾವುದೂ ಬೇಕಾಗುವುದಿಲ್ಲ.

ಹಾಗಾದರೆ ಫಾರ್ಮ್ಯಾಟ್ ಯಾವಾಗ ಬೇಕು? ಡಿಫೆಂಡರ್ ಆನ್ ಮಾಡಲು ಹೋದರೆ ಆಗುತ್ತಲೇ ಇಲ್ಲ ಅಂದಾಗ. ತೆಗೆದ ವೈರಸ್ ಮತ್ತೆ ಮತ್ತೆ ಬಂದಾಗ. ಗೊತ್ತಿಲ್ಲದವರ ಕೈಗೆ ಕಂಪ್ಯೂಟರ್ ಕೊಟ್ಟು ಅವರು ಏನು ಮಾಡಿದರು ಅಂತ ತಿಳಿಯದಿದ್ದಾಗ. ಪಾಸ್‌ವರ್ಡ್ ಕಳ್ಳ ಒಳಗಿದ್ದದ್ದು ಖಚಿತವಾದಾಗ. ಈ ಸಂದರ್ಭಗಳಲ್ಲಿ ಹಿಂದೆಮುಂದೆ ನೋಡಬೇಡಿ, ಮಾಡಿಸಿಬಿಡಿ. ಆದರೆ ಹೇಗೆ ಮಾಡಿಸುತ್ತೀರಿ ಅನ್ನುವುದು ಮುಖ್ಯ.

ಮೊದಲು ಟ್ಯಾಲಿ. ಅದರಲ್ಲೇ ಡೇಟಾ ಮೆನುವಿನಲ್ಲಿ ಬ್ಯಾಕಪ್ ಇದೆ, ಅದನ್ನು ತೆಗೆದುಕೊಳ್ಳಿ. ಜೊತೆಗೆ ಡೇಟಾ ಫೋಲ್ಡರನ್ನೂ ಹಾಗೇ ಕಾಪಿ ಮಾಡಿ. ಫೋಟೋ, ವಿಡಿಯೋ, ಪಿಡಿಎಫ್ ಕಾಪಿ ಮಾಡಿ. ಸೆಟಪ್ ಫೈಲ್‌ಗಳನ್ನು ಮಾತ್ರ ಬೇಡ. ಬಹಳ ಮನೆಗಳಲ್ಲಿ ಡಿ ಡ್ರೈವ್‌ನಲ್ಲಿ ಸಾಫ್ಟ್‌ವೇರ್ ಅಂತ ಒಂದು ಫೋಲ್ಡರ್ ಇರುತ್ತದೆ, ವರ್ಷಗಳಿಂದ ಕೂಡಿಟ್ಟಿದ್ದು. ಅಂಗಡಿಯಲ್ಲಿ ಸಿ ಡ್ರೈವ್ ಮಾತ್ರ ಅಳಿಸುತ್ತಾರೆ. ಮನೆಗೆ ತಂದು ಆ ಹಳೇ ಫೋಲ್ಡರ್‌ನಿಂದಲೇ ಎಲ್ಲ ಮತ್ತೆ ಹಾಕುತ್ತೀರಿ. ವೈರಸ್ ವಾಪಸ್. ಆಮೇಲೆ ‘ಫಾರ್ಮ್ಯಾಟ್ ಮಾಡಿಸಿದರೂ ಹೋಗಲಿಲ್ಲ’ ಅನ್ನುವ ಮಾತು.

ಎರಡನೆಯದು ಲೈಸೆನ್ಸ್. ವಿಂಡೋಸ್ ಜೊತೆಗೇ ಕೊಂಡ ಲ್ಯಾಪ್‌ಟಾಪ್ ಆದರೆ, ವಿಂಡೋಸ್ 8ರಿಂದ ಈಚೆಗೆ ಅದರ ಕೀ ಮದರ್‌ಬೋರ್ಡ್‌ನಲ್ಲೇ ಇರುತ್ತದೆ. ಅದೇ ಆವೃತ್ತಿ ಹಾಕಿದರೆ ತಾನಾಗೇ ಆಕ್ಟಿವೇಟ್ ಆಗುತ್ತದೆ. ಅಂಗಡಿಯವರಿಗೆ ಸ್ಪಷ್ಟವಾಗಿ ಹೇಳಿ: ‘ಅಣ್ಣಾ, ಇದಕ್ಕೆ ಅಸಲಿ ವಿಂಡೋಸ್ ಇದೆ, ಅದನ್ನೇ ಹಾಕಿ. ಆಕ್ಟಿವೇಟರ್ ಹಾಕಬೇಡಿ.’ ಹೇಳದಿದ್ದರೆ ಪ್ರೊ ಆವೃತ್ತಿ, ಆಫೀಸ್, ಫೋಟೋಶಾಪ್ ಎಲ್ಲ ಕ್ರ್ಯಾಕ್ ಮಾಡಿ ಪ್ರೀತಿಯಿಂದ ಪುಕ್ಕಟೆ ತುಂಬಿಕೊಡುವವರಿದ್ದಾರೆ. ಡಿಫೆಂಡರ್‌ನ ಎಕ್ಸ್‌ಕ್ಲೂಶನ್ಸ್‌ನಲ್ಲಿ ಅವಕ್ಕೆಲ್ಲ ವಿನಾಯಿತಿಯೂ ಸಿಕ್ಕಿರುತ್ತದೆ. ವೈರಸ್ ತೆಗೆಸಲು ದುಡ್ಡು ಕೊಟ್ಟು ಇನ್ನೊಂದನ್ನು ಮನೆಗೆ ತಂದ ಹಾಗಾಗುತ್ತದೆ.

ಇದನ್ನು ನೀವೇ ಮಾಡಿಕೊಳ್ಳಬಹುದು. ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ರೀಸೆಟ್ ದಿಸ್ ಪಿಸಿ ಅಂತ ಇದೆ. ರಿಮೂವ್ ಎವೆರಿಥಿಂಗ್ ಆರಿಸಿ, ಆಮೇಲೆ ಕ್ಲೌಡ್ ಡೌನ್‌ಲೋಡ್ ಆರಿಸಿದರೆ ಮೈಕ್ರೋಸಾಫ್ಟ್‌ನಿಂದ ಹೊಸದಾಗಿ ವಿಂಡೋಸ್ ಬಂದು ಕೂರುತ್ತದೆ. ಕೆಲವು ಜಿಬಿ ಡೇಟಾ ಬೇಕು, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮಾಡುವವರು ಪ್ಯಾಕ್ ನೋಡಿಕೊಂಡು ಶುರು ಮಾಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ತಾನಾಗೇ ಬಿದ್ದಿರುತ್ತದೆ. ಅದರ 48 ಅಂಕಿಯ ರಿಕವರಿ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇದೆಯಾ ಅಂತ ಮೊದಲೇ ನೋಡಿ ಬರೆದಿಟ್ಟುಕೊಳ್ಳಿ. ಕೀ ಕೇಳಿ ಕೂತಾಗ ಹುಡುಕಲು ಹೋದರೆ ಕಷ್ಟ.

ನಿಮ್ಮದು ಇನ್ನೂ ವಿಂಡೋಸ್ 10 ಆದರೆ ಇನ್ನೊಂದು ಮಾತು. ಅದರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಅಪ್‌ಡೇಟ್ ಪುಟದಲ್ಲಿ ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತೆಯ ಅಪ್‌ಡೇಟ್ ಇದೆ. ವಿಂಡೋಸ್ 7 ಇಟ್ಟುಕೊಂಡವರಿಗೆ 2020ರ ಜನವರಿಯಲ್ಲೇ ಬಾಗಿಲು ಮುಚ್ಚಿದೆ. ಆ ಕಂಪ್ಯೂಟರ್‌ನಲ್ಲಿ ಲೆಕ್ಕ ಬರೆಯಿರಿ, ನೆಟ್ ಮಾತ್ರ ಹಾಕಬೇಡಿ.

ಫೈಲ್‌ಗಳೇ ತೆರೆಯುತ್ತಿಲ್ಲ, ಹೆಸರಿನ ಕೊನೆಯಲ್ಲಿ ಏನೇನೋ ಅಕ್ಷರ ಸೇರಿವೆ, ‘ದುಡ್ಡು ಕೊಟ್ಟರೆ ಬಿಡಿಸುತ್ತೇವೆ’ ಅನ್ನುವ ಚೀಟಿ ಇದೆ ಅಂದರೆ ಅದು ರಾನ್ಸಮ್‌ವೇರ್. ನಿಮ್ಮ ಪತ್ರದಲ್ಲಿ ಆ ಲಕ್ಷಣ ಇಲ್ಲ. ಓದುವ ಬೇರೆಯವರಿಗಾಗಿ ಹೇಳುತ್ತಿದ್ದೇನೆ. ದುಡ್ಡು ಕೊಡಬೇಡಿ, ಕೊಟ್ಟರೂ ಸಿಗುವ ಖಾತ್ರಿ ಇಲ್ಲ. ಬೀಗ ಬಿದ್ದ ಫೈಲ್‌ಗಳನ್ನು ಅಳಿಸಲೂ ಬೇಡಿ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ನೆದರ್‌ಲ್ಯಾಂಡ್ಸ್ ಪೊಲೀಸರು ಮತ್ತು ಎರಡು ಆಂಟಿವೈರಸ್ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ ನೋ ಮೋರ್ ರಾನ್ಸಮ್ ಅನ್ನುವ ತಾಣದಲ್ಲಿ ಕೆಲವು ಜಾತಿಯ ರಾನ್ಸಮ್‌ವೇರ್‌ಗೆ ಉಚಿತ ಬೀಗದ ಕೈ ಸಿಗುತ್ತದೆ. ಇವತ್ತು ಸಿಗದ್ದು ಮುಂದೆ ಸಿಗಬಹುದು, ಫೈಲ್ ಇಟ್ಟಿದ್ದರೆ ತಾನೇ ಬಿಡಿಸುವುದು.

ಪ್ರಿಂಟ್ ಹಾಕಿಸಲು ಮಗಳಿಗೆ ಇನ್ನು ಪೆನ್ ಡ್ರೈವ್ ಬೇಡ. ರಿಪೋರ್ಟನ್ನು ಪಿಡಿಎಫ್ ಮಾಡಿ ಫೋನಿನಿಂದಲೇ ಅಂಗಡಿಯ ಇಮೇಲ್‌ಗೋ ವಾಟ್ಸ್ಯಾಪ್‌ಗೋ ಕಳಿಸಲಿ. ಪಿಡಿಎಫ್ ಮಾಡಿದರೆ ನುಡಿ ಅಕ್ಷರಗಳು ಅಂಗಡಿಯಲ್ಲಿ ಕಲಸಿಹೋಗುವ ತಾಪತ್ರಯವೂ ತಪ್ಪುತ್ತದೆ. ಅಂಗಡಿ ಕಂಪ್ಯೂಟರ್‌ನಲ್ಲಿ ತನ್ನ ಜಿಮೇಲ್, ವಾಟ್ಸ್ಯಾಪ್ ತೆರೆಯದಿರಲಿ. ಪೆನ್ ಡ್ರೈವೇ ಬೇಕಾದರೆ ಪ್ರಿಂಟ್‌ಗೆ ಅಂತಲೇ ಒಂದನ್ನು ಬೇರೆ ಇಟ್ಟುಕೊಂಡು, ಅದರಲ್ಲಿ ಆ ಒಂದು ಫೈಲ್ ಮಾತ್ರ ಹಾಕಲಿ. ಮನೆಗೆ ಬಂದ ಮೇಲೆ ಅದನ್ನು ತೆರೆಯದೆ, ಬಲಗಡೆ ಕ್ಲಿಕ್ ಮಾಡಿ ನೇರ ಫಾರ್ಮ್ಯಾಟ್ ಮಾಡಲಿ.

ಈ ಗಲಾಟೆಯ ನಡುವೆ ಖಾತೆಯಿಂದ ದುಡ್ಡು ಹೋಗಿದ್ದರೆ ಕಂಪ್ಯೂಟರ್ ಪಕ್ಕಕ್ಕಿಡಿ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ಹೇಳಿದರೆ ದುಡ್ಡು ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ. ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು, ಸೈಬರ್ ಅಪರಾಧಗಳನ್ನು ನೋಡುವ ತುಮಕೂರಿನ ಸಿಇಎನ್ ಪೊಲೀಸ್ ಠಾಣೆಗೂ ಹೋಗಬಹುದು. ಸ್ಕ್ರೀನ್‌ನಲ್ಲಿ ಬಂದ ಸಂದೇಶಗಳ ಫೋಟೋ, ಕರೆ ಬಂದ ನಂಬರ್, ಬ್ಯಾಂಕಿನ ಎಸ್ಸೆಮ್ಮೆಸ್ ಎಲ್ಲ ಇಟ್ಟುಕೊಳ್ಳಿ. ಪೊಲೀಸರು ಕಂಪ್ಯೂಟರ್ ನೋಡಬೇಕು ಅನ್ನಬಹುದು. ಅವರು ನೋಡಿ ಆಯಿತು ಅನ್ನುವವರೆಗೆ ಯಾರು ಏನೇ ಹೇಳಿದರೂ ಫಾರ್ಮ್ಯಾಟ್ ಮಾಡಿಸಬೇಡಿ.